ಒಂದು ರೂಪಾಯಿ ಕೆಲಸ ಇಲ್ಲ, ಸರ್

ಮಲ್ಪೆಯಿಂದ ಈಗಷ್ಟೇ ಬಂದೆ. ಸ್ನಾನ ಕೂಡ ಆಗಿಲ್ಲ. ಶರ್ಟಿನ ಕಾಲರಿನೊಳಗೆ ತುಕ್ಕಿನ ಪುಡಿ ಇನ್ನೂ ಚುಚ್ಚುತ್ತಿದೆ. ಮಂಡೆ ಬಿಸಿಯಾಗಿದೆ, ಹಾಗಾಗಿ ಇವತ್ತು ಉದ್ದ ಬರೆಯುತ್ತೇನೆ. ಪುರುಸೊತ್ತು ಇದ್ದವರು ಓದಿ, ಇಲ್ಲದವರು ಲೈಕ್ ಒತ್ತಿ ಮುಂದೆ ಹೋಗಿ. ಹೇಗೂ ಅದೇ ಮಾಡುವುದಲ್ವಾ?

ನಾಲ್ಕು ತಿಂಗಳಿಂದ ನಾನು ಸೆಕೆಂಡ್ ಹ್ಯಾಂಡ್ ಎಸ್‌ಯುವಿ ಹುಡುಕುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಅಮ್ಮನ ಮಂಡಿಯ ಕಥೆಯೂ ಗೊತ್ತು. ಈಗಿನ ಸಣ್ಣ ಕಾರಿಗೆ ಅವರು ಕೂರುವುದಲ್ಲ, ಬಾವಿಗೆ ಇಳಿದ ಹಾಗೆ ಇಳಿಯುವುದು. ಮೇಲೆತ್ತಲು ಇಬ್ಬರು ಬೇಕು. ಮಕ್ಕಳು ಇನ್ನು ಮಡಿಲಲ್ಲಿ ಕೂರುವ ಪ್ರಾಯದವರಲ್ಲ. ಊರಿನ ಮನೆಗೆ ಕೊನೆಯ ಅರ್ಧ ಕಿಲೋಮೀಟರ್ ಬರೀ ಮುರಕಲ್ಲಿನ ದಾರಿ. ಏಳು ಸೀಟು, ಡೀಸೆಲ್, ಒಂಬತ್ತು ಲಕ್ಷದೊಳಗೆ. ಕೇಳಿದ್ದು ಇಷ್ಟೇ.

ಇವತ್ತಿನದು ಸೇರಿ ಹನ್ನೊಂದು ಗಾಡಿ ನೋಡಿದೆ. ಹನ್ನೊಂದು ಜನರೂ ಹೇಳಿದ್ದು ಒಂದೇ ಮಾತು: "ಒಂದು ರೂಪಾಯಿ ಕೆಲಸ ಇಲ್ಲ, ಸರ್." ತುಳುವಿನಲ್ಲಿ ಹೇಳಿದವರೂ ಇದ್ದಾರೆ, "ದಾಲಾ ಬೇಲೆ ಇಜ್ಜಿ." ಭಾಷೆ ಯಾವುದಾದರೂ ಕೆಲಸ ಮಾತ್ರ ಇಲ್ಲ. ಒಂಬತ್ತು ವರ್ಷದ ಕಬ್ಬಿಣ, ಕರಾವಳಿಯ ಮಳೆ, ನಮ್ಮ ರಸ್ತೆಗಳು. ಆದರೂ ಇಲ್ಲ. ನನ್ನ ದೇಹದಲ್ಲೇ ನಲವತ್ತೈದು ವರ್ಷಕ್ಕೆ ಒಂದೂವರೆ ಲಕ್ಷದ ಕೆಲಸ ಇದೆ ಮಾರಾಯ್ರೇ.

ಮಲ್ಪೆಯ ಗಾಡಿ ಬಿಳಿ ಬಣ್ಣದ್ದು. 2017ರ ಮಾಡೆಲ್, ಮೀಟರಿನಲ್ಲಿ 58 ಸಾವಿರ. ತೊಳೆದು, ಪಾಲಿಶ್ ಹಾಕಿ, ಟಯರಿಗೂ ಕಪ್ಪು ಹಚ್ಚಿ ಮದುಮಗನ ಹಾಗೆ ನಿಲ್ಲಿಸಿದ್ದರು. ಒಳಗೆ ಕನ್ನಡಿಗೆ ಒಂದು ಚೆಂಡು ಶಂಕರಪುರ ಮಲ್ಲಿಗೆ ಬೇರೆ. ಆ ಮಲ್ಲಿಗೆಯ ವಿಷಯ ಆಮೇಲೆ ಹೇಳುತ್ತೇನೆ. ಅಂಗಳದಲ್ಲಿ ನಿಂತರೆ ಸಮುದ್ರದ ಸದ್ದು ಕೇಳುತ್ತಿತ್ತು. ಅದು ಕೇಳಿದ ಕೂಡಲೇ ನಾವು ಚಾ ಕುಡಿದು ವಾಪಸ್ ಬರಬೇಕಿತ್ತು.

ನನ್ನ ಜೊತೆ ನಮ್ಮ ಮೆಕ್ಯಾನಿಕ್ ಅಣ್ಣ ಬಂದಿದ್ದರು. ಮಾತು ಕಡಿಮೆಯ ಜನ. ಬಂದವರೇ ಬಾನೆಟ್ ಮೇಲೆ ಅಂಗೈ ಇಟ್ಟರು. ಬಿಸಿ.

"ಈಗ ಸ್ಟಾರ್ಟ್ ಮಾಡಿದ್ರಾ?"

"ಇಲ್ಲ ಇಲ್ಲ, ಬಿಸಿಲಿಗೆ."

ಗಾಡಿ ನಿಂತಿದ್ದು ಶೆಡ್ಡಿನೊಳಗೆ.

ಡೀಸೆಲ್ ಇಂಜಿನ್ ತನ್ನ ಗುಟ್ಟು ಬಿಡುವುದು ಬೆಳಗ್ಗಿನ ಮೊದಲ ಸ್ಟಾರ್ಟಿನಲ್ಲಿ. ಗ್ಲೋ ಪ್ಲಗ್ ಹೋಗಿದ್ದರೆ, ಇಂಜೆಕ್ಟರ್ ಸೋರುತ್ತಿದ್ದರೆ, ಬ್ಯಾಟರಿ ಸೋತಿದ್ದರೆ ಆಗ ಕೆಮ್ಮುತ್ತದೆ, ಹೊಗೆ ಬಿಡುತ್ತದೆ. ಒಮ್ಮೆ ಬಿಸಿಯಾದ ಮೇಲೆ ಎಲ್ಲ ಇಂಜಿನ್ನೂ ಸಭ್ಯಸ್ಥ. ನಾವು ಬರುವ ಮೊದಲೇ ಬಿಸಿ ಮಾಡಿಟ್ಟಿದ್ದರು ಅಂದರೆ ಏನರ್ಥ, ನೀವೇ ಹೇಳಿ. ಅಣ್ಣ ಏನೂ ಹೇಳಲಿಲ್ಲ. ಗೋಣಿ ಹಾಸಿ ಅಡಿಗೆ ಹೋದರು. ಕುತೂಹಲಕ್ಕೆ ನಾನೂ ಪಕ್ಕದಲ್ಲಿ ಮಲಗಿದೆ.

ಅಡಿಯಲ್ಲಿ ಹೊಸ ಕಪ್ಪು ಕೋಟಿಂಗ್. ಎಷ್ಟು ಹೊಸದೆಂದರೆ ವಾಸನೆ ಕೂಡ ಹೋಗಿರಲಿಲ್ಲ. ಅಣ್ಣ ಸ್ಕ್ರೂಡ್ರೈವರಿನ ಹಿಡಿಯಿಂದ ಹಲಸಿನಕಾಯಿ ಬಡಿದು ನೋಡುವ ಹಾಗೆ ಒಂದೊಂದೇ ಕಡೆ ಬಡಿಯುತ್ತಾ ಹೋದರು. ಟಣ್. ಟಣ್. ಟಣ್. ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂದೆ, ಫ್ಲೋರ್ ಬಂದು ಬಾಗಿಲಿನ ಪಟ್ಟಿಗೆ ಸೇರುವಲ್ಲಿ, ಸದ್ದು ಬದಲಾಯಿತು. ಡಬ್. ಅಣ್ಣ ನನ್ನ ಮುಖ ನೋಡಿದರು. "ಹಣ್ಣಾಗಿದೆ" ಅಂದರು. ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯಿಂದ ಸುಮ್ನೆ ಒತ್ತಿದರು. ಒಳಗೆ ಹೋಯಿತು! ಬಲ ಹಾಕಲೇ ಇಲ್ಲ. ಕಪ್ಪು ಸಿಪ್ಪೆ ಒಡೆದು, ಕೆಂಪು ಹಪ್ಪಳದ ಚೂರುಗಳ ಹಾಗೆ ತುಕ್ಕು ನನ್ನ ಕುತ್ತಿಗೆಗೆ ಉದುರಿತು. ಲೆಕ್ಕ ಹಾಕಿದರೆ ಅದು ಸರಿಯಾಗಿ ಅಮ್ಮ ಕೂರುವ ಸೀಟಿನ ಅಡಿ.

ಹೊರಗೆ ಬಂದು ಹೇಳಿದರೆ ಆ ಮನುಷ್ಯನಿಗೆ ಕಣ್ಣು ಮಿಟುಕಿಸುವಷ್ಟೂ ನಾಚಿಕೆ ಇಲ್ಲ. "ಅದು ನಮ್ಮ ಕಡೆ ಎಲ್ಲ ಗಾಡಿಗೂ ಇರ್ತದೆ ಸರ್. ನೀವು ಇಂಜಿನ್ ನೋಡಿ. ಒಂದು ರೂಪಾಯಿ..."

ಸಾಕು ಅಂದೆ.

ನನ್ನ ಸಿಟ್ಟು ಅವರ ಮೇಲೆ ಮಾತ್ರ ಅಲ್ಲ, ನಮ್ಮ ಮೇಲೂ ಇದೆ. ನಾವು ಗಾಡಿ ನೋಡಲು ಹೋದರೆ ಕೇಳುವುದು ಏನು? ಎಷ್ಟು ಓಡಿದೆ? ಎಷ್ಟನೇ ಓನರ್? ಡಾಕ್ಟರರ ಗಾಡಿಯಾ? (ಡಾಕ್ಟರರ ಗಾಡಿ ಅಂದರೆ ನಮ್ಮವರಿಗೆ ದೇವರ ಗಾಡಿ. ಡಾಕ್ಟರರು ಹೊಂಡಕ್ಕೆ ಇಳಿಸುವುದೇ ಇಲ್ಲವೇನೋ.) ಅಡಿ ಹೇಗಿದೆ ಅಂತ ಒಬ್ಬನೂ ಕೇಳುವುದಿಲ್ಲ. ಉಪ್ಪು ಮೀಟರ್ ನೋಡಿ ಕೆಲಸ ಮಾಡುತ್ತದಾ? ಓಡದೆ ನಿಂತ ಗಾಡಿಯನ್ನೂ ಅದು ತಿನ್ನುತ್ತದೆ. ಉಪ್ಪಿಗೆ ತೇವ ಎಳೆದುಕೊಳ್ಳುವ ಗುಣ. ಆ ತೇವ ಕಬ್ಬಿಣದ ಸಂದಿಯಲ್ಲಿ ಕೂತರೆ ಬಿಸಿಲು ಬಂದರೂ ಪೂರ್ತಿ ಒಣಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಚಕ್ರದ ಗೂಡಿನೊಳಗೆ ಮೆತ್ತಿದ ಕೆಂಪು ಮಣ್ಣು ನೀರು ಹಿಡಿದುಕೊಂಡು ಒದ್ದೆ ಬಟ್ಟೆಯ ಹಾಗೆ ಅಂಟಿರುತ್ತದೆ. ಬಾಗಿಲಿನ ಅಡಿಯ ನೀರು ಹೋಗುವ ತೂತಿನಲ್ಲಿ ಎಲೆ ಕಸ ಕೂತರೆ ಅದು ಒಳಗಿಂದಲೇ ಕೊಳೆಯುತ್ತದೆ. ಹೊರಗೆ ಪೇಂಟ್ ಗುಳ್ಳೆ ಬರುವ ಹೊತ್ತಿಗೆ ಒಳಗೆ ಕಥೆ ಮುಗಿದಿರುತ್ತದೆ. ಇದರ ಮೇಲೆ ಹೈವೇ 66ರಲ್ಲಿ ಮೀನಿನ ಲಾರಿ. ಅದರ ಹಿಂದೆ ಹೋದವರಿಗೆ ಗೊತ್ತು, ಉಪ್ಪುನೀರು ರಸ್ತೆಯುದ್ದಕ್ಕೂ ಸುರಿಯುತ್ತಾ ಹೋಗುತ್ತದೆ. ನಾವು ಮೂಗು ಮುಚ್ಚಿಕೊಳ್ಳುತ್ತೇವೆ. ಗಾಡಿಯ ಅಡಿಗೆ ಮುಚ್ಚಿಕೊಳ್ಳಲು ಏನಿದೆ?

ಹಳೇ ಮಾದರಿಯ, ದಪ್ಪ ಶಾಸಿ ಮೇಲೆ ಬಾಡಿ ಕೂರಿಸಿದ ಗಾಡಿಯಾದರೆ ಫ್ಲೋರ್ ತುಕ್ಕು ಹಿಡಿದರೂ ಬೆನ್ನೆಲುಬು ಬೇರೆ ಇರುತ್ತದೆ. ಈಗಿನ ಹೆಚ್ಚಿನವುಗಳಲ್ಲಿ ಬಾಡಿಯೇ ಬೆನ್ನೆಲುಬು. ಅಲ್ಲಿ ಸ್ಕ್ರೂಡ್ರೈವರ್ ಒಳಗೆ ಹೋಯಿತು ಅಂದರೆ ಬೆನ್ನಿಗೇ ಹೋಯಿತು ಅಂತ.

ಮೀಟರಿನ ಕಥೆಯೂ ಕೇಳಿ. ಎರಡು ವಾರದ ಹಿಂದೆ ಪಡೀಲ್ ಹತ್ತಿರ ಒಂದು ನೋಡಿದೆವು. 2016ರದು, ಮೀಟರ್ 64 ಸಾವಿರ. ನಾನು ಸ್ಟೀರಿಂಗ್ ಹಿಡಿದು ಕನಸು ಕಾಣುತ್ತಿದ್ದೆ. ಹೆಂಡತಿ ಕೆಳಗೆ ಬಗ್ಗಿ ನೋಡಿ, "ರೀ, ಕ್ಲಚ್ ಪೆಡಲಿನ ರಬ್ಬರ್ ಸವೆದು ಕಬ್ಬಿಣ ಕಾಣ್ತಾ ಉಂಟು" ಅಂದಳು. ಆಮೇಲೆ ಬಾನೆಟ್ ಎತ್ತಿ ಮೊಬೈಲ್ ಟಾರ್ಚ್ ಬಿಟ್ಟಳು. ಬದಿಯಲ್ಲಿ ಎಣ್ಣೆ ಮೆತ್ತಿದ ಒಂದು ಹಳೇ ಸ್ಟಿಕ್ಕರ್. ಬೆರಳಿನಿಂದ ಉಜ್ಜಿ ಗಟ್ಟಿಯಾಗಿ ಓದಿದಳು: "ಮುಂದಿನ ಆಯಿಲ್ ಚೇಂಜ್ 1,18,000." ಏಜೆಂಟಿನ ಮುಖ ನೋಡಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ಮೀಟರ್ ಹಿಂದೆ ಮಾಡಲು ಗೊತ್ತು, ಸ್ಟಿಕ್ಕರ್ ಕೀಳಲು ನೆನಪಿಲ್ಲ. ಒಂದು ಲಕ್ಷ ಓಡಿದ್ದಕ್ಕೆ ನನ್ನ ತಕರಾರು ಇಲ್ಲ, ಸರಿಯಾಗಿ ಆಯಿಲ್ ಬದಲಿಸಿದ ಡೀಸೆಲ್ ಇಂಜಿನ್ನಿಗೆ ಒಂದು ಲಕ್ಷ ಏನೂ ಅಲ್ಲ. ಸುಳ್ಳು ಯಾಕೆ?

ಹೋಗಲಿ, ಘಟ್ಟದ ಮೇಲಿನ ಗಾಡಿ ತಗೊಳ್ಳಿ ಅಂತ ಕಮೆಂಟಿನಲ್ಲಿ ಬರೆಯುವವರಿದ್ದೀರಿ. ಗೊತ್ತು. ಬೆಂಗಳೂರಿನ ಗಾಡಿಗೆ ತುಕ್ಕು ಕಡಿಮೆ, ಒಪ್ಪಿದೆ. ಹಾಗಂತ ಹೋಗಿ ನೋಡಿದ್ದೂ ಆಯಿತು. 2022ರ ಸೆಪ್ಟೆಂಬರಿನಲ್ಲಿ ಔಟರ್ ರಿಂಗ್ ರೋಡಿನ ಕಡೆ ಜನ ಟ್ರ್ಯಾಕ್ಟರಿನಲ್ಲಿ ಆಫೀಸಿಗೆ ಹೋದದ್ದು ನೆನಪಿದೆಯಾ? ಆಗ ಬೇಸ್‌ಮೆಂಟಿನಲ್ಲಿ ಮುಳುಗಿದ ಕಾರುಗಳೆಲ್ಲ ಗುಜರಿಗೇ ಹೋದವು ಅಂತ ಯಾರಾದರೂ ನಂಬುತ್ತೀರಾ? ನಾನು ನೋಡಿದ ಒಂದರಲ್ಲಿ ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದೆ. ಮೊದಲ ಎರಡು ಅಡಿ ಶುಭ್ರ. ಆಮೇಲೆ ಸಣ್ಣಗೆ ಕಂದು ಗೆರೆ, ಕೆಸರಿನ ಪುಡಿ. ಸೀಟಿನ ಬೋಲ್ಟುಗಳಲ್ಲಿ ತುಕ್ಕು. ಉಪ್ಪಿನಿಂದ ತಪ್ಪಿಸಿಕೊಂಡು ಕೆರೆಗೆ ಬಿದ್ದ ಹಾಗಾಯಿತು. ಒಂದು ರೂಪಾಯಿ ಕೆಲಸ ಇಲ್ಲ ಅಂತ ಅಲ್ಲೂ ಹೇಳಿದರು.

ಇನ್ನು ಇನ್ನೋವಾ ಭಕ್ತರು. "ಕಣ್ಣು ಮುಚ್ಚಿ ಇನ್ನೋವಾ ತಗೊಳ್ಳಿ." ಗಟ್ಟಿ ಗಾಡಿ, ಎರಡು ಮಾತಿಲ್ಲ. ಆದರೆ ಆ ಹೆಸರಿಗೇ ರೇಟು. ನನ್ನ ದುಡ್ಡಿಗೆ ಸಿಗುವುದು ಬಜ್ಪೆ ಏರ್‌ಪೋರ್ಟಿಗೆ ದಿನಕ್ಕೆ ಮೂರು ಸಲ ಹೋಗಿ ಬಂದು, ಹಳದಿ ಬೋರ್ಡ್ ಬಿಟ್ಟು ಬಿಳಿ ಬೋರ್ಡ್ ಹಾಕಿಕೊಂಡು ಸಂಸಾರಸ್ಥನಾದದ್ದು. ಮತ್ತೆ, ಕಣ್ಣು ಮುಚ್ಚಿ ತಗೊಳ್ಳಲು ಅದೇನು ಔಷಧವಾ?

ಹೊಸದೇ ತಗೊಳ್ಳಿ, ಜಿಎಸ್‌ಟಿ ಇಳಿದಿದೆ ಅಂತ ನನ್ನ ಭಾವ ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ಹೌದು, 2025ರ ಸೆಪ್ಟೆಂಬರ್ 22ರಿಂದ ಇಳಿದಿದೆ. 18 ಪರ್ಸೆಂಟ್ ಆದದ್ದು ನಾಲ್ಕು ಮೀಟರಿನೊಳಗಿನ, ಸಣ್ಣ ಇಂಜಿನಿನ ಕಾರಿಗೆ. ನನಗೆ ಬೇಕಾದಷ್ಟು ದೊಡ್ಡದಕ್ಕೆ 40. ಹೊಸ ಡೀಸೆಲ್ ತಗೊಂಡರೆ ಇನ್ನೊಂದು ರಗಳೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಆಗಾಗ ಹೈವೇಯಲ್ಲಿ ಒಂದೇ ಸ್ಪೀಡಿನಲ್ಲಿ ಓಡಿಸಿದರೆ ಆ ಮಸಿ ಸರಿಯಾಗಿ ಉರಿದು ಹೋಗುವುದು. ಕದ್ರಿಯಿಂದ ಹಂಪನಕಟ್ಟೆಗೆ, ಹಂಪನಕಟ್ಟೆಯಿಂದ ಕದ್ರಿಗೆ ಓಡಿಸುವ ನನ್ನಂಥವನಿಗೆ ಪ್ರತಿ ಭಾನುವಾರ ಅದನ್ನು ಪಡುಬಿದ್ರಿ ತನಕ ವಾಕಿಂಗ್ ಕರೆದುಕೊಂಡು ಹೋಗುವ ಕೆಲಸ. ಭಾವನಿಗೆ ಇದನ್ನು ಹೇಳಿದೆ. ಪೆಟ್ರೋಲ್ ತಗೊಳ್ಳಿ ಅಂದರು. ಸಾಲದ ಕಂತು ಅವರೇ ಕಟ್ಟುವುದಾದರೆ ವಿಮಾನವನ್ನೇ ತಗೊಳ್ಳುತ್ತೇನೆ.

ಈಗ ಮಲ್ಲಿಗೆಯ ವಿಷಯ. ಇದನ್ನು ಬರೆಯುವುದಾ ಬೇಡವಾ ಅಂತ ಅರ್ಧ ಗಂಟೆ ಕೂತೆ.

2018ರ ಮೇ 29, ಮಂಗಳೂರು ಮುಳುಗಿದ ದಿನ. ಕೊಟ್ಟಾರ ಚೌಕಿಯಲ್ಲಿ ನನ್ನ ಆಗಿನ ಕಾರು ಸೀಟಿನ ಮಟ್ಟದ ನೀರಿನಲ್ಲಿ ಮಧ್ಯಾಹ್ನದಿಂದ ರಾತ್ರಿ ತನಕ ನಿಂತಿತ್ತು. ಪುಣ್ಯಕ್ಕೆ ಇಂಜಿನ್ ಆಫ್ ಇತ್ತು. ಎತ್ತಿ ತಂದು, ಸೀಟು ಬಿಚ್ಚಿ, ಕಾರ್ಪೆಟ್ ತೆಗೆದು ಒಣಗಿಸಿದೆವು. ಮಳೆಗಾಲ ಶುರುವಾಗುವ ಹೊತ್ತು, ಏನು ಒಣಗುತ್ತದೆ? ಮುಗ್ಗಲು ವಾಸನೆ ಹೋಗಲೇ ಇಲ್ಲ. ಮುಂದಿನ ವರ್ಷ ಮಾರಿದೆ. ತಗೊಳ್ಳಲು ಬಂದವರು ಪುತ್ತೂರು ಕಡೆಯ ಒಬ್ಬ ಯುವಕ, ಜೊತೆಗೆ ಅವನ ತಂದೆ. ಅವರು ಬರುವ ಅರ್ಧ ಗಂಟೆ ಮೊದಲು ನಾನು ಕನ್ನಡಿಗೆ ಒಂದು ಚೆಂಡು ಮಲ್ಲಿಗೆ ಸುತ್ತಿದೆ. ದೇವರ ಮೇಲಿನ ಭಕ್ತಿಯಿಂದ ಅಲ್ಲ. "ಗಾಡಿ ಹೇಗುಂಟು?" ಅಂತ ಆ ತಂದೆ ಕೇಳಿದರು. ಏನು ಹೇಳಿದೆ ಅಂತ ನಾನು ಬೇರೆ ಬರೆಯಬೇಕಾ?

ಹೋದ ತಿಂಗಳು ಪಂಪ್‌ವೆಲ್ಲಿನಲ್ಲಿ ಆ ಕಾರು ಕಾಣಿಸಿತು. ಅದೇ ನಂಬರ್. ಹುಡುಗ ನನ್ನ ಗುರುತು ಹಿಡಿದು ಗ್ಲಾಸ್ ಇಳಿಸಿ ಕೈ ಬೀಸಿದ. ನಾನು ಫೋನಿನಲ್ಲಿ ಮಾತಾಡುವವನ ಹಾಗೆ ಮಾಡಿದೆ. ಫೋನ್ ಜೇಬಿನಲ್ಲೇ ಇತ್ತು, ಕಿವಿಗೆ ಇಟ್ಟದ್ದು ಬರಿಗೈ.

ಇವತ್ತು ಮಲ್ಪೆಯಲ್ಲಿ ಆ ಕನ್ನಡಿ ನೋಡಿದಾಗಲೇ ನನಗೆ ಅರ್ಥವಾಗಿತ್ತು. ಅಡಿಗೆ ಹೋಗುವ ಅಗತ್ಯ ಕೂಡ ಇರಲಿಲ್ಲ.

ಈ ಬರಹ ಟೈಪ್ ಮಾಡುವಾಗ ಆ ಮನುಷ್ಯನ ಫೋನ್ ಎರಡು ಸಲ ಬಂತು. 40 ಸಾವಿರ ಕಡಿಮೆ ಮಾಡುತ್ತಾರಂತೆ. ಒಂದು ರೂಪಾಯಿಯ ಕೆಲಸವೂ ಇಲ್ಲದ ಗಾಡಿಗೆ 40 ಸಾವಿರ ಯಾಕೆ ಕಡಿಮೆ ಮಾಡುವುದು ಅಂತ ಕೇಳಿದೆ. ಲೈನ್ ಕಟ್ಟಾಯಿತು.

ಮುಂದಿನ ಭಾನುವಾರ ಕಾರ್ಕಳದಲ್ಲಿ ಒಂದು ಇದೆ. ಬೆಳಿಗ್ಗೆ ಏಳಕ್ಕೆ ಬರುತ್ತೇವೆ, ಅಲ್ಲಿಯವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿದ್ದೇನೆ. ಸರ್ವಿಸ್ ಬಿಲ್ಲುಗಳು ಬೇಕು, ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಬೇಕು ಅಂತಲೂ ಹೇಳಿದ್ದೇನೆ. ಅವರಿಗೆ ಸಿಟ್ಟು ಬಂದ ಹಾಗಿತ್ತು. ಬರಲಿ. ನಿಮ್ಮಲ್ಲಿ ಯಾರ ಬಳಿಯಾದರೂ ಏಳು ಸೀಟಿನದು ಇದ್ದು, "ಇಂಥಿಂಥ ಕೆಲಸ ಇದೆ, ಇಷ್ಟು ಖರ್ಚು ಬರಬಹುದು" ಅಂತ ಹೇಳುವುದಾದರೆ ಇನ್‌ಬಾಕ್ಸಿಗೆ ಬನ್ನಿ. ನಾಳೆಯೇ ಅಡ್ವಾನ್ಸ್ ಕೊಡುತ್ತೇನೆ.

ಹಾಗೆಯೇ ನನ್ನ ಈಗಿನ ಸಣ್ಣ ಕಾರು ಕೊಡಲಿಕ್ಕಿದೆ. 2014ರದು, ಪೆಟ್ರೋಲ್, ಓಡಿದ್ದು 91 ಸಾವಿರ. ಕ್ಲಚ್ ಇನ್ನು ಜಾಸ್ತಿ ದಿನ ಬರುವುದಿಲ್ಲ. ಹಿಂದಿನ ಎಡ ಬಾಗಿಲಿನ ಅಡಿ ತುಕ್ಕು ಇದೆ, ಬೆರಳು ಹೋಗುತ್ತದೆ. ಎಸಿ ಮೊದಲ ಹತ್ತು ನಿಮಿಷ ಬರೀ ಗಾಳಿ. ಎಡ ಬಂಪರ್ ನನ್ನದೇ ತಪ್ಪು, ಗೇಟಿಗೆ ತಾಗಿದ್ದು. ಎರಡು ಲಕ್ಷ, ಮಾತಾಡಬಹುದು.

ಹಿಂದೆ ನಿಂತು ಓದುತ್ತಿರುವ ಹೆಂಡತಿ ಹಾರ್ನಿನ ವಿಷಯ ಯಾಕೆ ಬಿಟ್ಟೆ ಅಂತ ಕೇಳುತ್ತಿದ್ದಾಳೆ. ಹಾಂ, ಮಳೆ ಬಂದರೆ ಹಾರ್ನ್ ಕೂಗುವುದಿಲ್ಲ.