ಹಳೆ ಹಾಲಿವುಡ್ ಬೋರು ಅನ್ನುವ ಮುಂಚೆ, ನೋಡಿದ ಪ್ರಿಂಟ್ ಯಾವುದು ಹೇಳಿ

ಸಿನಿಮಾ ಗುಂಪುಗಳಲ್ಲಿ ಹಳೆಯ ಹಾಲಿವುಡ್ ಮಾತು ಬಂದರೆ ಸಾಕು, ಎರಡು ಬಣ ಆಗಿಬಿಡುತ್ತದೆ. ಆರ್ಸನ್ ವೆಲ್ಸ್ ನಿರ್ದೇಶಿಸಿದ 'ಸಿಟಿಜನ್ ಕೇನ್' ಸಮಕ್ಕೆ ಇನ್ನೊಂದಿಲ್ಲ ಅನ್ನುವವರು ಒಂದು ಕಡೆ, ಅದರಲ್ಲೇನಿದೆ ಅಂಥದ್ದು, ಕತ್ತಲೆ ಕತ್ತಲೆ, ಮಾತು ಅರ್ಥವಾಗಲ್ಲ, ನಿದ್ದೆ ಬರುತ್ತೆ ಅನ್ನುವವರು ಇನ್ನೊಂದು ಕಡೆ. ಇಬ್ಬರೂ ನೋಡಿದ್ದು ಒಂದೇ ಸಿನಿಮಾ ಅಂತ ನಾವು ಅಂದುಕೊಂಡಿರುತ್ತೇವೆ. ನನ್ನ ಪ್ರಕಾರ ಬಹಳಷ್ಟು ಸಲ ಹಾಗಿರುವುದಿಲ್ಲ. ಒಬ್ಬರು ನೋಡಿದ್ದು ಮೂಲ ಚೌಕಟ್ಟಿನ, ಸರಿಯಾದ ವೇಗದ ಪ್ರಿಂಟ್. ಇನ್ನೊಬ್ಬರು ನೋಡಿದ್ದು ತಲೆ ಕಾಲು ಕತ್ತರಿಸಿದ, ಕಾಪಿಯ ಕಾಪಿಯ ಕಾಪಿ. ಈ ಜಗಳದಲ್ಲಿ ಅರ್ಧಕ್ಕರ್ಧ ಸಿನಿಮಾದ ಬಗ್ಗೆ ಅಲ್ಲವೇ ಅಲ್ಲ, ಪ್ರಿಂಟಿನ ಬಗ್ಗೆ.

ಮೊದಲು ಚೌಕಟ್ಟು. ಮಾತಿನ ಚಿತ್ರ ಬಂದಾಗ ಧ್ವನಿಯ ಪಟ್ಟಿ ರೀಲಿನ ಒಂದು ಪಕ್ಕವನ್ನು ತಿಂದುಹಾಕಿತು, ಚಿತ್ರ ಹೆಚ್ಚು ಕಡಿಮೆ ಚೌಕಾಕಾರ ಆಗಿಬಿಟ್ಟಿತು. 1932ರಲ್ಲಿ ಅದನ್ನು ಸರಿಪಡಿಸಿ 1.37:1 ಅಂತ, ಅಂದರೆ ಎತ್ತರ ಒಂದಾದರೆ ಅಗಲ 1.37 ಅಂತ, ನಿಗದಿ ಮಾಡಿದರು. ಅದೇ ಅಕಾಡೆಮಿ ಅನುಪಾತ. ಅಲ್ಲಿಂದ 1953ರ ತನಕ ಹಾಲಿವುಡ್ ಸಿನಿಮಾ ಅಂದರೆ ಬಹುತೇಕ ಇದೇ ಆಕಾರ. ನಮ್ಮ ಮನೆಯ ಟಿವಿ 16:9, ಅಂದರೆ 1.78:1. ಹಾಗಾಗಿ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಬರಲೇಬೇಕು. ಅದನ್ನು ನೋಡಿ 'ಪರದೆ ಪೂರ್ತಿ ತುಂಬಿಲ್ಲ' ಅಂತ ರಿಮೋಟ್‌ನಲ್ಲಿ ಜೂಮ್ ಒತ್ತಿದರೆ ಚಿತ್ರದ ಎತ್ತರದಲ್ಲಿ 23 ಶೇಕಡಾ ಹೋಗುತ್ತದೆ. ಸ್ಟ್ರೆಚ್ ಒತ್ತಿದರೆ ಏನೂ ಕತ್ತರಿಸಿ ಹೋಗುವುದಿಲ್ಲ, ಆದರೆ ಪ್ರತಿಯೊಬ್ಬರೂ 30 ಶೇಕಡಾ ದಪ್ಪ ಆಗುತ್ತಾರೆ. 'ಕಾಸಾಬ್ಲಾಂಕಾ'ದ ನಾಯಕಿ ಇಂಗ್ರಿಡ್ ಬರ್ಗ್‌ಮನ್ ಮುಖವನ್ನು 30 ಶೇಕಡಾ ಅಗಲ ಮಾಡಿ ನೋಡಿ, ಆಮೇಲೆ ಇದರಲ್ಲೇನು ಸೌಂದರ್ಯ ಅಂತ ಕೇಳುವುದು ಅನ್ಯಾಯ.

'ಸಿಟಿಜನ್ ಕೇನ್'ನಲ್ಲಿ ಈ 23 ಶೇಕಡಾ ಏನು ಮಾಡುತ್ತದೆ ನೋಡಿ. ಚುನಾವಣೆ ಸೋತ ರಾತ್ರಿ ಪತ್ರಿಕಾ ಕಚೇರಿಯಲ್ಲಿ ಪತ್ರಿಕೆಯ ಒಡೆಯ ಕೇನ್ ಮತ್ತು ಅವನ ಗೆಳೆಯ ಲೀಲಂಡ್ ಮಾತಾಡುವ ದೃಶ್ಯ. ಕ್ಯಾಮೆರಾ ನೆಲಕ್ಕಿಂತ ಕೆಳಗಿದೆ, ಅದಕ್ಕಾಗಿ ಸೆಟ್ಟಿನ ನೆಲವನ್ನೇ ಕೊರೆದಿದ್ದರು. ಅಷ್ಟು ಕೆಳಗಿನಿಂದ ಮೇಲಕ್ಕೆ ನೋಡಿದರೆ ಚಾವಣಿ ಕಾಣಲೇಬೇಕು. ಆ ಕಾಲದ ಸೆಟ್ಟುಗಳಿಗೆ ಸಾಮಾನ್ಯವಾಗಿ ಚಾವಣಿ ಇರುತ್ತಿರಲಿಲ್ಲ, ದೀಪ ಮತ್ತು ಮೈಕು ಅಲ್ಲಿಂದಲೇ ಇಳಿಯಬೇಕಿತ್ತು. ಇಲ್ಲಿ ತೆಳು ಬಟ್ಟೆಯ ಚಾವಣಿ ಕಟ್ಟಿದರು, ಧ್ವನಿ ಬಟ್ಟೆಯನ್ನು ದಾಟುತ್ತದೆ, ಮೈಕು ಅದರ ಮೇಲೆ ಕೂತಿತು. ಆ ಚಾವಣಿ ಸೋತವನ ತಲೆಯ ಮೇಲೆ ಬಂದು ಕೂರುವುದೇ ಆ ದೃಶ್ಯದ ತೂಕ. ಜೂಮ್ ಒತ್ತಿದಿರೋ, ಮೇಲಿನಿಂದ ಮೊದಲು ಹೋಗುವುದೇ ಆ ಚಾವಣಿ. ಉಳಿಯುವುದು ಇಬ್ಬರು ನಿಂತು ವಾದ ಮಾಡುವ ಒಂದು ನೀರಸ ದೃಶ್ಯ. ಬೋರು ಅನ್ನುವವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಸಿಕ್ಕಿದ್ದೇ ಅಷ್ಟು.

ಬೆಳಕಿನದ್ದೂ ಇದೇ ಕಥೆ. ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಅಗಲ ಕೋನದ ಲೆನ್ಸು, ಆಗಿನ ವೇಗದ ಫಿಲ್ಮು, ಪ್ರಖರವಾದ ಆರ್ಕ್ ದೀಪ ಬಳಸಿ ಅಪರ್ಚರ್ (ಲೆನ್ಸಿನಲ್ಲಿ ಬೆಳಕು ಒಳಬರುವ ಕಿಂಡಿ) ಕಿರಿದು ಮಾಡಿ ಹತ್ತಿರದ್ದು, ದೂರದ್ದು ಎರಡನ್ನೂ ಚೂಪಾಗಿ ಹಿಡಿದರು. ಹುಡುಗ ಕೇನ್‌ನನ್ನು ಬ್ಯಾಂಕಿನವನಿಗೆ ಒಪ್ಪಿಸುವ ದೃಶ್ಯ ನೆನಪಿಸಿಕೊಳ್ಳಿ. ಮುಂದೆ ಮೇಜಿನ ಬಳಿ ತಾಯಿ ಕಾಗದಕ್ಕೆ ಸಹಿ ಹಾಕುತ್ತಿದ್ದಾಳೆ, ಮಧ್ಯದಲ್ಲಿ ತಂದೆ ಗೊಣಗುತ್ತಿದ್ದಾನೆ, ಹಿಂದಿನ ಕಿಟಕಿಯಾಚೆ ಹಿಮದಲ್ಲಿ ಹುಡುಗ ಆಡುತ್ತಿದ್ದಾನೆ. ಇಡೀ ಸಿನಿಮಾ ಆ ಕಿಟಕಿಯೊಳಗಿನ ಹುಡುಗನ ಮೇಲೆ ನಿಂತಿದೆ. ಮಸುಕು ಪ್ರಿಂಟಿನಲ್ಲಿ ಅವನು ಬಿಳಿ ಬೆಳಕಿನಲ್ಲಿ ಕರಗಿ ಒಂದು ಚುಕ್ಕೆ ಆಗುತ್ತಾನೆ.

ಇಲ್ಲಿ ಕೇನ್ ಅಭಿಮಾನಿಗಳಿಗೂ ಒಂದು ಮಾತು. ಈ ಸಿನಿಮಾದಲ್ಲಿ ಕಾಣುವ ಆಳವೆಲ್ಲ ಲೆನ್ಸಿನದೇ ಅಂತ ವಾದ ಮಾಡಬೇಡಿ. ಕೇನ್‌ನ ಎರಡನೇ ಹೆಂಡತಿ ಸೂಸನ್ ವಿಷ ಕುಡಿದ ದೃಶ್ಯದಲ್ಲಿ ಮುಂದೆ ದೊಡ್ಡದಾಗಿ ಲೋಟ, ಚಮಚ, ನಡುವೆ ಕತ್ತಲಲ್ಲಿ ಅವಳ ತಲೆ, ದೂರದಲ್ಲಿ ಬಾಗಿಲು. ಫ್ರೆಂಚ್ ವಿಮರ್ಶಕ ಆಂದ್ರೆ ಬಜಾನ್ ಇದನ್ನು ಆಳದ ಚಿತ್ರಣದ ಮಾದರಿ ಅಂತ ಕೊಂಡಾಡಿದರು. ನಿಜಕ್ಕೂ ಅದು ಕ್ಯಾಮೆರಾದೊಳಗೇ ಮಾಡಿದ ಜೋಡಣೆ. ಮೊದಲು ಲೋಟಕ್ಕೆ ಬೆಳಕು ಕೊಟ್ಟು ಹಿಂದಿನದನ್ನು ಕತ್ತಲಲ್ಲಿಟ್ಟು ಚಿತ್ರೀಕರಣ, ಆಮೇಲೆ ಫಿಲ್ಮನ್ನು ಹಿಂದಕ್ಕೆ ಸುತ್ತಿ, ಫೋಕಸ್ ಬದಲಿಸಿ, ಲೋಟವನ್ನು ಕತ್ತಲಲ್ಲಿಟ್ಟು ಕೋಣೆಗೆ ಬೆಳಕು ಕೊಟ್ಟು ಅದೇ ಫಿಲ್ಮಿನ ಮೇಲೆ ಮತ್ತೊಮ್ಮೆ. ಇದರಿಂದ ದೃಶ್ಯದ ಬೆಲೆ ಒಂದು ಕೂದಲೂ ಕಮ್ಮಿ ಆಗುವುದಿಲ್ಲ. ಆದರೆ ವಾದ ಮಾಡುವಾಗ ಗೊತ್ತಿರಬೇಕು.

1953ರಲ್ಲಿ 'ದಿ ರೋಬ್' ಜೊತೆ ಸಿನಿಮಾಸ್ಕೋಪ್ ಬಂತು, ಚೌಕಟ್ಟು ಒಮ್ಮೆಲೇ 2.55:1ಕ್ಕೆ ಹಿಗ್ಗಿತು, ಆಮೇಲೆ 2.35ಕ್ಕೆ ನಿಂತಿತು. ಅಂಥ ಸಿನಿಮಾವನ್ನು ಹಳೆಯ 4:3 ಟಿವಿಗಾಗಿ ಕತ್ತರಿಸಿದ ಪ್ರಿಂಟುಗಳು ಇನ್ನೂ ಓಡಾಡುತ್ತಿವೆ. ಅದರಲ್ಲಿ 43 ಶೇಕಡಾ ಚಿತ್ರ ಇರುವುದೇ ಇಲ್ಲ. ಇಬ್ಬರು ಎದುರುಬದುರು ನಿಂತ ದೃಶ್ಯದಲ್ಲಿ ಒಬ್ಬರ ಮೂಗು, ಇನ್ನೊಬ್ಬರ ಭುಜ. ನಮ್ಮಲ್ಲಿ ಮೊದಲ ಸಿನಿಮಾಸ್ಕೋಪ್ ಚಿತ್ರ 1959ರ 'ಕಾಗಜ್ ಕೆ ಫೂಲ್', ಅದರ ಛಾಯಾಗ್ರಾಹಕರು ಮೈಸೂರಿನ ವಿ.ಕೆ. ಮೂರ್ತಿ. ಖಾಲಿ ಸ್ಟುಡಿಯೋದಲ್ಲಿ ಅವರು ಇಳಿಸಿದ ಬೆಳಕಿನ ಕೋಲು ಗೊತ್ತಿರುವ ಕನ್ನಡಿಗರಿಗೆ ಅಗಲದ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಹಾಗಂತ ಹೆಚ್ಚು ಕಂಡರೆ ಅದೇ ಸರಿ ಅಂತಲೂ ಇಲ್ಲ. 1953ರ ನಂತರ ಎಷ್ಟೋ ಸಿನಿಮಾಗಳನ್ನು 1.37ರಲ್ಲೇ ಚಿತ್ರೀಕರಿಸಿ, ಟಾಕೀಸಿನಲ್ಲಿ ಮೇಲೆ ಕೆಳಗೆ ಮರೆಮಾಡಿ 1.85ರಲ್ಲಿ ತೋರಿಸುತ್ತಿದ್ದರು. ಆ ಮರೆ ತೆಗೆದ ಟಿವಿ ಪ್ರಿಂಟಿನಲ್ಲಿ ನಟರ ತಲೆಯ ಮೇಲೆ ಬೇಡದ ಖಾಲಿ ಜಾಗ, ಒಮ್ಮೊಮ್ಮೆ ಇಣುಕುವ ಮೈಕು. ಅದನ್ನು ನಿರ್ದೇಶಕರ ತಪ್ಪು ಅನ್ನಬೇಡಿ. ಗೊಂದಲ ಇರುವುದು ಆ ಸಂಧಿಕಾಲದ ಸಿನಿಮಾಗಳಲ್ಲಿ. 'ಶೇನ್' 1.37ಕ್ಕೆ ಅಂತ ಚಿತ್ರೀಕರಿಸಿದ್ದು, ಆದರೆ 1953ರಲ್ಲಿ ಬಿಡುಗಡೆ ಆಗುವಷ್ಟರಲ್ಲಿ ಅಗಲ ಪರದೆಯ ಹುಚ್ಚು ಹಿಡಿದಿತ್ತು, ಸ್ಟುಡಿಯೋದವರು 1.66ಕ್ಕೆ ಕತ್ತರಿಸಿ ತೋರಿಸಿದರು. 2013ರಲ್ಲಿ ಬ್ಲೂ-ರೇಯನ್ನೂ 1.66ರಲ್ಲೇ ತರಲು ಹೊರಟಾಗ ಅಭಿಮಾನಿಗಳು, ವಿಮರ್ಶಕರು ಪಟ್ಟು ಹಿಡಿದರು, ಕೊನೆಗೆ 1.37ರಲ್ಲೇ ಬಂತು. ಸಿನಿಮಾ ಪ್ರೇಮಿಗಳ ವಾದಕ್ಕೆ ಫಲ ಸಿಗುವುದು ಹೀಗೆ, ಸಂಖ್ಯೆ ಹಿಡಿದು ಮಾತಾಡಿದಾಗ.

ಇನ್ನು ವೇಗ. ಮಾತಿನ ಚಿತ್ರ ಸೆಕೆಂಡಿಗೆ 24 ಫ್ರೇಮು. ಪಾಲ್ (PAL) ಅನ್ನುವ ಟಿವಿ ವ್ಯವಸ್ಥೆಯ ಪ್ರಸಾರ ಮತ್ತು ಡಿವಿಡಿಗಳಲ್ಲಿ 25. ಭಾರತವೂ ಪಾಲ್ ದೇಶವೇ. ಹೆಚ್ಚಿನವರು ಸಿನಿಮಾವನ್ನು ಸುಮ್ಮನೆ 4 ಶೇಕಡಾ ಜೋರಾಗಿ ಓಡಿಸಿ ಕೆಲಸ ಮುಗಿಸಿದರು. 102 ನಿಮಿಷದ 'ಕಾಸಾಬ್ಲಾಂಕಾ' 98 ನಿಮಿಷಕ್ಕೆ ಮುಗಿಯುತ್ತದೆ, 119 ನಿಮಿಷದ ಕೇನ್ 114ಕ್ಕೆ. ಏನೂ ಕತ್ತರಿಸಿಲ್ಲ, ಆದರೆ ಶ್ರುತಿ ಸರಿಪಡಿಸದಿದ್ದರೆ ಎಲ್ಲರ ದನಿ ಹಾರ್ಮೋನಿಯಂ ಲೆಕ್ಕದಲ್ಲಿ ಸುಮಾರು ಮುಕ್ಕಾಲು ಮನೆ ಮೇಲೇರುತ್ತದೆ. 'ಕಾಸಾಬ್ಲಾಂಕಾ'ದ ನಾಯಕ ಬೋಗಾರ್ಟ್‌ನ ಗಡಸು ದನಿ ತೆಳ್ಳಗಾಗುತ್ತದೆ, ಡೂಲಿ ವಿಲ್ಸನ್ ಪಿಯಾನೋ ಮುಂದೆ ಕೂತು ಹಾಡುವುದು ಬೇರೆ ಶ್ರುತಿಯಲ್ಲಿ ಕೇಳುತ್ತದೆ. ಮೂಕಿ ಚಿತ್ರಗಳ ಪಾಡು ಇನ್ನೂ ಕಷ್ಟ. ಅವುಗಳಿಗೆ ನಿಗದಿತ ವೇಗವೇ ಇರಲಿಲ್ಲ, ನಿಧಾನವಾಗಿ ತೆಗೆದದ್ದನ್ನು 24ರಲ್ಲಿ ಓಡಿಸಿದರೆ ಗಂಭೀರ ನಟನೆಯೂ ಕುಣಿತ ಆಗುತ್ತದೆ.

ಧ್ವನಿಯ ವಿಷಯದಲ್ಲಿ ಅತಿ ಹೆಚ್ಚು ಅನ್ಯಾಯ ಆಗಿರುವುದು 'ಹಿಸ್ ಗರ್ಲ್ ಫ್ರೈಡೇ'ಗೆ ಅನ್ನುವುದು ನನ್ನ ಅಭಿಪ್ರಾಯ. 1940ರ ಹಾವರ್ಡ್ ಹಾಕ್ಸ್ ಸಿನಿಮಾ. ಒಬ್ಬರ ಮಾತು ಮುಗಿಯುವ ಮುಂಚೆ ಇನ್ನೊಬ್ಬರದು ಶುರುವಾಗುವಂತೆ ಬರೆಸಿದ್ದು. ವಾಕ್ಯದ ಮುಖ್ಯ ಪದ ನಡುವೆ ಬರುತ್ತದೆ, ಮೊದಲ ಕೊನೆಯ ಪದಗಳು ಒಂದರ ಮೇಲೊಂದು ಬಿದ್ದರೂ ಅರ್ಥ ಕೆಡುವುದಿಲ್ಲ. ಇದರ ಹಕ್ಕುಸ್ವಾಮ್ಯ ನವೀಕರಣವಾಗದೆ ಸಿನಿಮಾ ಸಾರ್ವಜನಿಕ ಸ್ವತ್ತಾಯಿತು. ಯಾರು ಬೇಕಾದರೂ ಯಾವ ಪ್ರಿಂಟಿನಿಂದ ಬೇಕಾದರೂ ಕಾಪಿ ಹೊಡೆದರು. ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುವ ಬಹುಪಾಲು ಆ ಸಂತತಿಯವೇ. ಪತ್ರಕರ್ತರ ಕೋಣೆಯಲ್ಲಿ ಟೆಲಿಫೋನುಗಳು, ಎಲ್ಲರೂ ಒಟ್ಟಿಗೆ ಕೂಗುವುದು, ಅದರ ಮಧ್ಯೆ ನಾಯಕಿ ರೊಸಾಲಿಂಡ್ ರಸೆಲ್. ಧ್ವನಿ ಕೆಟ್ಟಿದ್ದರೆ ಬರೀ ಗಲಾಟೆ. ಹಳೆಯ ಸಿನಿಮಾಗಳನ್ನು ಸರಿಪಡಿಸಿ ಡಿಸ್ಕ್ ತರುವ ಕ್ರೈಟೀರಿಯನ್ ಸಂಸ್ಥೆಯ 2017ರ ಪ್ರತಿ ಅಥವಾ ಸ್ಟುಡಿಯೋದ ಅಧಿಕೃತ ಪ್ರತಿ ಹಾಕಿ, ಇಂಗ್ಲಿಷ್ ಸಬ್‌ಟೈಟಲ್ ಆನ್ ಮಾಡಿ ನೋಡಿ. 92 ನಿಮಿಷ ಉಸಿರು ಬಿಡಲು ಬಿಡುವುದಿಲ್ಲ. 1963ರ 'ಶರೇಡ್'ದೂ ಇದೇ ಹಣೆಬರಹ. ಪ್ರಿಂಟಿನ ಮೇಲೆ ಹಕ್ಕಿನ ಸೂಚನೆಯನ್ನು ಸರಿಯಾಗಿ ಹಾಕದೇ ಹೋದದ್ದಕ್ಕೆ ಅದು ಬಿಡುಗಡೆಯ ದಿನವೇ ಎಲ್ಲರ ಸ್ವತ್ತಾಯಿತು.

ಒಳ್ಳೆ ಪ್ರಿಂಟ್ ಸಿಕ್ಕರೂ ಟಿವಿ ಅದನ್ನು ಹಾಳುಮಾಡಬಲ್ಲದು. ಮೊದಲು ಮೋಷನ್ ಸ್ಮೂದಿಂಗ್ ಆಫ್ ಮಾಡಿ. ಎಲ್‌ಜಿಯಲ್ಲಿ ಇದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಅಥವಾ ಪಿಕ್ಚರ್ ಕ್ಲಾರಿಟಿ. ಇದು 24 ಫ್ರೇಮುಗಳ ನಡುವೆ ಇಲ್ಲದ ಫ್ರೇಮುಗಳನ್ನು ಹುಟ್ಟಿಸಿ ತುಂಬುತ್ತದೆ, ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಸಿನಿಮಾ ಅಥವಾ ಮೂವಿ ಮೋಡ್. ನಾಯ್ಸ್ ರಿಡಕ್ಷನ್ ಆಫ್, ಇಲ್ಲದಿದ್ದರೆ ಫಿಲ್ಮಿನ ಕಣಗಳ ಜೊತೆ ಚರ್ಮದ ರಂಧ್ರಗಳೂ ಅಳಿಸಿ ಮುಖ ಮೇಣದ ಗೊಂಬೆ ಆಗುತ್ತದೆ. ಶಾರ್ಪ್‌ನೆಸ್ ಸೊನ್ನೆಯ ಹತ್ತಿರ ತನ್ನಿ, ಸೋನಿಯಲ್ಲಿ ಮಾತ್ರ ಸಾಮಾನ್ಯವಾಗಿ 50ರಲ್ಲೇ ಬಿಡಬೇಕು. ಬಣ್ಣದ ತಾಪ ವಾರ್ಮ್ ಇರಲಿ, ಕೂಲ್ ಇದ್ದರೆ ಕಪ್ಪುಬಿಳುಪು ಚಿತ್ರ ನೀಲಿಗೆ ತಿರುಗುತ್ತದೆ. ಪಿಕ್ಚರ್ ಸೈಜಿನಲ್ಲಿ ಒರಿಜಿನಲ್, ಜಸ್ಟ್ ಸ್ಕ್ಯಾನ್ ಅಥವಾ ಫಿಟ್ ಟು ಸ್ಕ್ರೀನ್, ಇಲ್ಲದಿದ್ದರೆ ಅಂಚುಗಳಲ್ಲಿ ಸ್ವಲ್ಪ ಸ್ವಲ್ಪ ಕತ್ತರಿಸಿ ಹೋಗುತ್ತದೆ. ಹಳೆಯ ಸಿನಿಮಾದ ಧ್ವನಿ ಮೋನೋ, ಸರೌಂಡ್ ಎಫೆಕ್ಟು ತೆಗೆದರೆ ಮಾತು ಪರದೆಯ ನಡುವಿನಿಂದ ಸ್ಪಷ್ಟವಾಗಿ ಬರುತ್ತದೆ. ಆಮೇಲೆ ಪರೀಕ್ಷೆ ಮಾಡಿ. ಎಂಜಿಎಂ ಸ್ಟುಡಿಯೋ ಲಾಂಛನದ ಸಿಂಹದ ಸುತ್ತಲಿನ ಬಳೆ, ಗೋಡೆ ಗಡಿಯಾರ, ಕಾರಿನ ಚಕ್ರ ಗುಂಡಗಿದೆಯೇ? ಮೊಟ್ಟೆಯ ಆಕಾರ ಇದ್ದರೆ ಸ್ಟ್ರೆಚ್ ಆಗಿದೆ. ಫೋನಿನಲ್ಲಿ ನೋಡುವವರು ಎರಡು ಬೆರಳಿನಿಂದ ಹಿಗ್ಗಿಸಬೇಡಿ.

ಪ್ರಿಂಟ್ ಸರಿಮಾಡಿದರೆ ಎಲ್ಲ ತಪ್ಪೂ ಮಾಯ ಅಂತ ನಾನು ಹೇಳುತ್ತಿಲ್ಲ. ಕಾರು ಓಡಿಸುವ ದೃಶ್ಯದ ಹಿಂದೆ ಪರದೆಯಲ್ಲಿ ರಸ್ತೆ ಓಡಿಸುವುದು ಒಳ್ಳೆ ಪ್ರಿಂಟಿನಲ್ಲಿ ಇನ್ನೂ ನಕಲಿ ಕಾಣುತ್ತದೆ. 'ಗಾನ್ ವಿತ್ ದಿ ವಿಂಡ್' ಗುಲಾಮಗಿರಿಯನ್ನು ಸುಖದ ದಿನಗಳ ಹಾಗೆ ತೋರಿಸುವುದು ಯಾವ ಪುನರುಜ್ಜೀವನದಿಂದಲೂ ಸರಿಹೋಗುವುದಿಲ್ಲ. ಅದೇ ಸಿನಿಮಾಕ್ಕೆ ಆಸ್ಕರ್ ಗೆದ್ದ ಹ್ಯಾಟಿ ಮ್ಯಾಕ್‌ಡೇನಿಯಲ್ ಅವರನ್ನು 1940ರ ಸಮಾರಂಭದಲ್ಲಿ ಬೇರೆ ಮೇಜಿನಲ್ಲಿ ಕೂರಿಸಿದ್ದರು. ಈ ಜಗಳ ಆಗಲೇಬೇಕು, ಜೋರಾಗಿಯೇ ಆಗಬೇಕು. ಚೌಕಟ್ಟಿನ ಗಲಾಟೆಯಲ್ಲಿ ಇದು ಮುಚ್ಚಿಹೋಗುತ್ತಿದೆ ಅನ್ನುವುದೇ ನನ್ನ ಸಂಕಟ.

ಕೊನೆಯದಾಗಿ ಆವೃತ್ತಿ. 'ದಿ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್' ಕೊನೆ ಸಪ್ಪೆ ಅಂತ ಆರ್ಸನ್ ವೆಲ್ಸ್‌ನನ್ನು ಬೈಯುವವರಿದ್ದಾರೆ. 1942ರಲ್ಲಿ ಅವನು ಬ್ರೆಜಿಲ್‌ನಲ್ಲಿದ್ದಾಗ ಆರ್‌ಕೆಒ ಸ್ಟುಡಿಯೋ ಎರಡು ಗಂಟೆಗೂ ಮೀರಿದ ಸಿನಿಮಾವನ್ನು 88 ನಿಮಿಷಕ್ಕೆ ಇಳಿಸಿ, ಬೇರೆ ಕೊನೆ ಚಿತ್ರೀಕರಿಸಿ ಅಂಟಿಸಿತು, ತೆಗೆದ ಭಾಗವನ್ನು ನಾಶ ಮಾಡಿತು. ಆ ಕೊನೆಗೆ ಬೈಗುಳ ಸಲ್ಲಬೇಕಾದ್ದು ಸ್ಟುಡಿಯೋಗೆ. ವೆಲ್ಸ್‌ನದೇ 'ಟಚ್ ಆಫ್ ಈವಿಲ್' ವಿಷಯದಲ್ಲಿ ಆಯ್ಕೆ ನಮ್ಮ ಕೈಯಲ್ಲೇ ಇದೆ. 1958ರಲ್ಲಿ ಟಾಕೀಸಿಗೆ ಬಂದದ್ದು ಸುಮಾರು 95 ನಿಮಿಷ. 1970ರ ದಶಕದಲ್ಲಿ ಸಿಕ್ಕ ಪೂರ್ವಪ್ರದರ್ಶನದ ಪ್ರತಿ ಸುಮಾರು 109. ವೆಲ್ಸ್ ಸ್ಟುಡಿಯೋಗೆ ಬರೆದ 58 ಪುಟದ ಟಿಪ್ಪಣಿ ಹಿಡಿದು ಸಂಕಲನಕಾರ ವಾಲ್ಟರ್ ಮರ್ಚ್ 1998ರಲ್ಲಿ ಸಂಕಲಿಸಿದ್ದು 111. ಮೊದಲ ಶಾಟಿನಲ್ಲೇ ವ್ಯತ್ಯಾಸ ಕೇಳಿಸುತ್ತದೆ. ಕಾರಿನ ಡಿಕ್ಕಿಯಲ್ಲಿ ಬಾಂಬು, ಮೂರು ನಿಮಿಷಕ್ಕೂ ಮೀರಿ ಕಟ್ ಇಲ್ಲದೆ ಗಡಿಯ ಊರಿನ ಬೀದಿಯಲ್ಲಿ ಸಾಗುವ ಕ್ಯಾಮೆರಾ. 1958ರದ್ದರಲ್ಲಿ ಅದರ ಮೇಲೆ ಹೆಸರುಗಳ ಪಟ್ಟಿ ಮತ್ತು ಹೆನ್ರಿ ಮಾನ್ಸೀನಿ ಸಂಗೀತ. 1998ರದ್ದರಲ್ಲಿ ಹೆಸರುಗಳಿಲ್ಲ, ದಾಟಿಹೋಗುವ ಪ್ರತಿ ಬಾರಿನಿಂದ, ಕಾರಿನ ರೇಡಿಯೋದಿಂದ ತೇಲಿಬರುವ ಬೇರೆ ಬೇರೆ ಹಾಡು. ಆ ಕಾರು ಹತ್ತಿರ ಬಂತೋ ದೂರ ಹೋಯಿತೋ ಕಿವಿಗೇ ಗೊತ್ತಾಗುತ್ತದೆ. ಮೊದಲ ಸಲ ನೋಡುವವರಿಗೆ ನಾನು ಹೇಳುವುದು 1998ರದ್ದು. ಮಾನ್ಸೀನಿ ಸಂಗೀತದ ಬಣದವರ ಮಾತಲ್ಲೂ ಬಲವಿದೆ, ಆ ತಾಳ ಬಾಂಬಿನ ಗಡಿಯಾರದ ಮೇಲೇ ಬಡಿಯುತ್ತದೆ. ಮರ್ಚ್ ಕೆಲಸ ಮಾಡುವಾಗ ವೆಲ್ಸ್ ತೀರಿಕೊಂಡು 13 ವರ್ಷ ಆಗಿತ್ತು, ಹಾಗಾಗಿ ಅದನ್ನು ನಿರ್ದೇಶಕರ ಕೊನೆಯ ಮಾತು ಅನ್ನುವಂತಿಲ್ಲ. ವಾದಕ್ಕೆ ಇಳಿಯುವವರು ಮೊದಲ ಸಾಲಿನಲ್ಲೇ ಬರೆಯಿರಿ: ನೋಡಿದ್ದು 95 ನಿಮಿಷದ್ದೋ, 109ರದ್ದೋ, 111ರದ್ದೋ, 1.37ರಲ್ಲೋ 1.85ರಲ್ಲೋ.