ಬಣ್ಣ ಬಿಡುವ ಕಿಟಕಿ

ಸೀರೆ ಅಂಗಡಿಯ ಯಜಮಾನರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆ. ಲೆಕ್ಕ, ಜಿಎಸ್‌ಟಿ, ಸ್ಟಾಕು ಎಲ್ಲ ಒಂದೇ ಸಲಕ್ಕೆ ಪಾಸಾಯಿತು. ಆಮೇಲೆ ಅವರು ಪರದೆ ಮೇಲಿನ ಪ್ರೋಗ್ರಾಂ ಕಿಟಕಿಯ ಹಿನ್ನೆಲೆ ನೋಡಿದರು. "ಏನ್ರೀ ಇದು, ಸರ್ಕಾರಿ ಆಫೀಸಿನ ಗೋಡೆ! ಎಡಕ್ಕೆ ನೀಲಿ, ಬಲಕ್ಕೆ ಹಳದಿ, ನಡುವೆ ಮೆತ್ತಗೆ ಬೆರೆಯಬೇಕು."

ಅಷ್ಟೇ ತಾನೇ ಅಂದುಕೊಂಡೆ. ಇಂಥ ಕಿಟಕಿ ಕಟ್ಟುವ ವಿಂಡೋಸ್ ಫಾರ್ಮ್ಸ್‌ನಲ್ಲಿ ಲೀನಿಯರ್‌ಗ್ರೇಡಿಯಂಟ್‌ಬ್ರಶ್ ಅನ್ನೋ ಬಣ್ಣ ಬೆರೆಸುವ ಕುಂಚ ಇದೆ. ಎರಡು ಬಣ್ಣ ಕೊಟ್ಟರೆ ಬಳಿಯುತ್ತದೆ. ಬಳಿಯಿತು. ನಡುವೆ ಮಾತ್ರ ಒಲೆಯ ಬೂದಿ!

"ನೀಲಿಗೆ ಹಳದಿ ಸೇರಿದ್ರೆ ಹಸಿರಲ್ವಾ? ನನ್ನ ಮೊಮ್ಮಗಳಿಗೂ ಗೊತ್ತು."

ಕಂಪ್ಯೂಟರಿಗೆ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಅಂಕಿ. ನೀಲಿ ಅಂದರೆ 0, 0, 255. ಹಳದಿ ಅಂದರೆ 255, 255, 0. ಅರ್ಧ ದಾರಿಯಲ್ಲಿ ಕೆಂಪು, ಹಸಿರು, ನೀಲಿ ಮೂರೂ ಸುಮಾರು 128. ಮೂರೂ ಸಮ ಬಂದರೆ ಬೂದುಬಣ್ಣವೇ ಗತಿ. ಇದನ್ನು ಅವರಿಗೆ ವಿವರಿಸಿದ್ದು ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗಾಯಿತು.

ಸರಿ, ಎಲ್ಲಿ ಯಾವ ಬಣ್ಣ ಅಂತ ಪಟ್ಟಿ ಕೊಡುವ ಕಲರ್‌ಬ್ಲೆಂಡ್ ತಂದು ನಡುವೆ ನಾನೇ ಹಸಿರು ತುರುಕಿದೆ. ಅದಕ್ಕೆ ಬಣ್ಣಗಳ ಜಾಗ 0ಯಿಂದ ಶುರುವಾಗಿ 1ಕ್ಕೇ ಮುಗಿಯಬೇಕು. ನಾನು ಕೊನೆಗೆ 0.9 ಬರೆದಿದ್ದೆ. ಪ್ರೋಗ್ರಾಂ ದಬಕ್ಕನೆ ಬಿತ್ತು. ಹತ್ತು ಪೈಸೆ ಕಮ್ಮಿ ಕೊಟ್ಟರೂ ಟಿಕೆಟ್ ಕೊಡದ ಕಂಡಕ್ಟರ್ ಇದ್ದ ಹಾಗೆ.

ಡೆಮೊ ದಿನ ಯಜಮಾನರು ಮೊದಲು ಮಾಡಿದ ಕೆಲಸ ಮಿನಿಮೈಸ್. ಮತ್ತೆ ದಬಕ್! ಅಳತೆ ಬದಲಾದಾಗೆಲ್ಲ ಹೊಸ ಬ್ರಶ್ ಮಾಡು ಅಂತ ನಾನೇ ಬರೆದಿದ್ದೆ. ಮಿನಿಮೈಸ್ ಆದ ಕಿಟಕಿಗೆ ಅಗಲ ಸೊನ್ನೆ, ಎತ್ತರ ಸೊನ್ನೆ. ಇಲ್ಲದ ಗೋಡೆಗೆ ಬಣ್ಣ ಬಳಿ ಅಂದರೆ ಯಾವ ಬ್ರಶ್ ತಾನೇ ಒಪ್ಪುತ್ತೆ? ಅಲ್ಲೇ ಕೂತು, ಅಳತೆ ಸೊನ್ನೆಯಾದರೆ ಬ್ರಶ್ ಬೇಡ ಅಂತ ಒಂದು 'ಇಫ್' ಸೇರಿಸಿದೆ. ಬೆವರು ಒರೆಸಿಕೊಂಡೆ.

ಅಷ್ಟರಲ್ಲಿ ಅವರು ಕಿಟಕಿಯ ಮೂಲೆ ಹಿಡಿದು, ಸೀರೆ ಸೆರಗು ಬಿಚ್ಚುವ ಹಾಗೆ ನಿಧಾನಕ್ಕೆ ಎಳೆದರು. ದೊಡ್ಡದಾದಾಗ ವಿಂಡೋಸ್ ಹೊಸದಾಗಿ ಕಂಡ ಅಂಚನ್ನಷ್ಟೇ ಬಳಿಯುತ್ತದೆ, ಹಳೆಯ ಭಾಗ ಹಾಗೇ ಉಳಿಯುತ್ತದೆ. ಹಳದಿಯ ಪಕ್ಕ ಇನ್ನೊಂದು ಹಳದಿ, ಅದರ ಪಕ್ಕ ಮತ್ತೊಂದು. ಇಡೀ ಕಿಟಕಿ ಪಟ್ಟೆಪಟ್ಟೆ.

ಯಜಮಾನರು ಕನ್ನಡಕ ಏರಿಸಿ ನೋಡಿದರು. ಮೂವತ್ತು ವರ್ಷದ ವ್ಯಾಪಾರದ ಅನುಭವ. "ಇದು ಬಣ್ಣ ಬಿಡುತ್ತೆ ಕಣಪ್ಪಾ."

ರಾತ್ರಿ ಕೂತು, ಅಳತೆ ಬದಲಾದಾಗೆಲ್ಲ ಇಡೀ ಕಿಟಕಿ ಮತ್ತೆ ಬಳಿ ಅನ್ನುವ ರೀಸೈಜ್‌ರೀಡ್ರಾ ಟ್ರೂ ಮಾಡಿದೆ. ಒಂದೇ ಸಾಲು. ಮಾರನೆಯ ದಿನ ಎದೆಯುಬ್ಬಿಸಿ ಹೇಳಿದೆ: "ಈಗ ಗಟ್ಟಿ ಬಣ್ಣ ಸಾರ್, ಗ್ಯಾರಂಟಿ."

ಅವರು ಏನೂ ಹೇಳಲಿಲ್ಲ. ಜೇಬಿನಿಂದ ಕರ್ಚೀಫ್ ತೆಗೆದು, ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ, ಮಾನಿಟರನ್ನು ಉಜ್ಜತೊಡಗಿದರು.