ಬೆಳಗಿನ ಜಾವದ ಹುಲಿ

ಕನಸಿನಲ್ಲಿ ಹುಲಿ ಅಟ್ಟಿಸಿಕೊಂಡು ಬಂತು ಎಂದರೆ ಉಡುಪಿ ಕಡೆಯ ಹಿರಿಯರು ಮೊದಲು ಕೇಳುವುದು "ಎಷ್ಟು ಗಂಟೆಗೆ?" ಎಂದು. ರಾತ್ರಿಯ ಮೊದಲ ಯಾಮದ ಕನಸಿಗೆ ಫಲ ಒಂದು ವರ್ಷಕ್ಕೆ, ಅರುಣೋದಯದ ಕನಸಿಗೆ ಹತ್ತೇ ದಿನಕ್ಕೆ ಎಂಬ ಹಳೆಯ ಲೆಕ್ಕವಿದೆ. ತಡವಾಗಿ ಬಿದ್ದ ಕನಸಿಗೆ ವಾಯಿದೆ ಕಡಿಮೆ.

ನಿದ್ದೆಯ ವಿಜ್ಞಾನವೂ ಗಂಟೆಯನ್ನು ಕೇಳುತ್ತದೆ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಸುತ್ತಿನ ಕೊನೆಯಲ್ಲಿ ರೆಪ್ಪೆಯೊಳಗೆ ಕಣ್ಣುಗುಡ್ಡೆ ಓಡಾಡುವ ಹಂತವೊಂದು ಬರುತ್ತದೆ. ಅಮೆರಿಕದ ನಿದ್ದೆ ಸಂಶೋಧಕರಾದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದ್ದು ಇದನ್ನೇ. ಕಣ್ಣಿಗೆ ಕಟ್ಟುವಂಥ ಕನಸುಗಳು ಹೆಚ್ಚಾಗಿ ಆಗಲೇ ಬೀಳುವುದು. ಮೊದಲ ಸುತ್ತಿನಲ್ಲಿ ಈ ಹಂತ ಕೆಲವೇ ನಿಮಿಷ, ಬೆಳಗಿನ ಜಾವಕ್ಕೆ ಅರ್ಧ ಗಂಟೆಯಷ್ಟು. ಹಾಗಾಗಿ ಬೆಳಗಿನ ಹುಲಿಗೆ ಬಾಲ ಉದ್ದ.

ಓಡಲು ಹೋದರೆ ಕಾಲು ಏಳುವುದಿಲ್ಲ ಎಂಬ ದೂರು ಎಲ್ಲರದ್ದೂ. ಆ ಹಂತದಲ್ಲಿ ಮಿದುಳುಕಾಂಡವು ಕೈಕಾಲಿನ ಸ್ನಾಯುಗಳನ್ನು ಸಡಿಲಬಿಟ್ಟಿರುತ್ತದೆ, ಇಲ್ಲದಿದ್ದರೆ ಮಂಚದಿಂದ ಹಾರಿಬಿಡುತ್ತೇವೆ. ಫ್ರಾನ್ಸಿನ ನಿದ್ದೆ ಸಂಶೋಧಕ ಮಿಶೆಲ್ ಜೂವೆ ಬೆಕ್ಕುಗಳಲ್ಲಿ ಈ ತಡೆಯನ್ನು ಕೆಡಿಸಿ ನೋಡಿದ. ಅವು ನಿದ್ದೆಯಲ್ಲೇ ಎದ್ದು ಇಲ್ಲದ ಬೇಟೆಯ ಮೇಲೆ ಎರಗಿದವು. ಐವತ್ತು ದಾಟಿದವರು ನಿದ್ದೆಯಲ್ಲಿ ಒದೆಯಲು, ಕೂಗಲು ಶುರುಮಾಡಿದರೆ ಫಲಜ್ಯೋತಿಷ್ಯ ಬಿಟ್ಟು ನರರೋಗ ವೈದ್ಯರನ್ನು ಕಾಣುವುದೇ ಸರಿ.

ಇನ್ನು ಅರ್ಥದ ಮಾತು. ಆಯುರ್ವೇದದ ಚರಕಸಂಹಿತೆ ಕನಸನ್ನು ಏಳು ಬಗೆ ಮಾಡುತ್ತದೆ: ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿದ್ದು, ಮುಂದಾಗುವುದನ್ನು ಸೂಚಿಸುವುದು, ವಾತ, ಪಿತ್ತ, ಕಫಗಳ ದೋಷದಿಂದ ಹುಟ್ಟಿದ್ದು. ಮೊದಲ ಐದಕ್ಕೆ ಫಲವಿಲ್ಲ ಎಂದು ಅದೇ ಹೇಳಿಬಿಡುತ್ತದೆ. ಎಂಥ ವಿವೇಕ! ನಮ್ಮೂರಿನ ಹುಲಿಗಳು ಬಹುಪಾಲು ಈ ಐದರೊಳಗೇ ಬೀಳುತ್ತವೆ. ಕಾಡಿನ ಹುಲಿ ಕಂಡವರು ಇಲ್ಲಿ ಎಷ್ಟು ಮಂದಿ? ಅಷ್ಟಮಿಗೆ ಉಡುಪಿಯಲ್ಲಿ, ನವರಾತ್ರಿಗೆ ಮಂಗಳೂರಿನಲ್ಲಿ ತಾಸೆ ವಾದ್ಯದ ಬಡಿತಕ್ಕೆ ಕುಣಿದ ಹುಲಿವೇಷ ಎಲ್ಲರಿಗೂ ಗೊತ್ತು. ಮಂಗಳೂರಿನ ಪಿಲಿಕುಳ ಮೃಗಾಲಯದ ಬೇಲಿಯಾಚೆ ಮಲಗಿದ ಹುಲಿ ಮಕ್ಕಳಿಗೂ ಗೊತ್ತು. ಕನಸಿನ ಹುಲಿ ಹತ್ತಿರ ಬಂದಾಗ ಪೇಂಟಿನ ವಾಸನೆ ಬಂತೇ, ಎರಡು ಕಾಲಲ್ಲಿ ನಿಂತಿತೇ ಎಂದು ವಿಚಾರಿಸಿದರೆ ಅರ್ಧ ಅರ್ಥ ಅಲ್ಲೇ ಮುಗಿಯಿತು.

ಹಂದಿಯಾದರೆ ತೋಟದ್ದೋ, ಹಂದಿರೂಪದ ದೈವ ಪಂಜುರ್ಲಿಯೋ ಎಂದು ಮನೆಯಲ್ಲಿ ಚರ್ಚೆ. ಹಾವಾದರೆ ಚರ್ಚೆಯೇ ಇಲ್ಲ; ಅದು ನಾಗದೇವರು, ಕಾಡುಪ್ರಾಣಿಯ ಪಟ್ಟಿಗೇ ಸೇರಿಸುವುದಿಲ್ಲ. ನೇರ ಜ್ಯೋತಿಷಿಯ ಬಳಿ ಪ್ರಶ್ನೆಗೆ, ಅಲ್ಲಿಂದ ನಾಗನಿಗೆ ತನು, ಆಶ್ಲೇಷಾ ಬಲಿ ಎಂಬ ಸೇವೆಗಳು.

ಕನಸನ್ನು ವಿಚಾರಿಸಬೇಕಾದರೆ ಮೊದಲು ಅದು ಉಳಿದಿರಬೇಕು. ಎಚ್ಚರವಾದೊಡನೆ ಮಗ್ಗುಲು ಬದಲಿಸದೆ, ಕಣ್ಣು ಮುಚ್ಚಿಯೇ ಇದ್ದು, ಕೊನೆಯ ದೃಶ್ಯದಿಂದ ಹಿಂದಕ್ಕೆ ಹೋಗಬೇಕು. ಮೊದಲಿನಿಂದ ಹುಡುಕಿದರೆ ಬಾಲವೂ ಕೈ ಜಾರುತ್ತದೆ. ಬಳಿಕ ದಿಂಬಿನ ಬದಿಯ ಚೀಟಿಗೆ ನಾಲ್ಕೇ ಸಾಲು: ಯಾವ ಪ್ರಾಣಿ, ಎಷ್ಟು ದೂರ, ಏನು ಮಾಡಿತು, ಆಗ ಮನಸ್ಸಿಗೆ ಏನಾಯಿತು. ಮೊಬೈಲಿನಲ್ಲಿ ಬರೆಯಲು ಹೊರಟವರು ಕೆಟ್ಟರು. ವಾಟ್ಸ್‌ಆ್ಯಪ್ ತೆರೆಯುವಷ್ಟರಲ್ಲಿ ಹುಲಿ ಕಾಡು ಸೇರಿರುತ್ತದೆ. ರಾತ್ರಿ ಕೋರಿ ರೊಟ್ಟಿ ಹೊಟ್ಟೆಬಿರಿ ತಿಂದದ್ದನ್ನೂ ಬರೆದಿಡಿ. ಹೊಟ್ಟೆ ಭಾರವಾದರೆ ನಿದ್ದೆ ಪದೇಪದೇ ಒಡೆಯುತ್ತದೆ, ಒಡೆದಾಗ ನಡೆಯುತ್ತಿದ್ದ ಕನಸು ನೆನಪಿನಲ್ಲಿ ನಿಲ್ಲುತ್ತದೆ.

ಅದೇ ಹುಲಿ ವಾರವಾರ ಬಂದು ನಿದ್ದೆ ಕೆಡಿಸಿದರೆ ಒಂದು ಉಪಾಯವುಂಟು, ಮನೋವೈದ್ಯರೂ ಹೇಳಿಕೊಡುವಂಥದ್ದು. ಹಗಲಿನಲ್ಲಿ ಕನಸಿನ ಕತೆಗೆ ಬೇರೆ ಕೊನೆ ಬರೆದು, ಅದನ್ನೇ ದಿನಕ್ಕೆ ಹತ್ತಿಪ್ಪತ್ತು ನಿಮಿಷ ಮನಸ್ಸಿನಲ್ಲಿ ಆಡಿಸುವುದು. ಹುಲಿಯನ್ನು ಕೊಲ್ಲಬೇಕೆಂದೇನಿಲ್ಲ, ಅಂಗಳ ದಾಟಿ ಹೋಗಲು ಬಿಟ್ಟರೂ ಆಯಿತು.

ಸೋಜಿಗವೆಂದರೆ, ನಿಜವಾಗಿ ಅಂಗಳ ದಾಟುವುದು ಚಿರತೆ. ಆವರಣವಿಲ್ಲದ ಬಾವಿಗೆ ಬೀಳುವುದೂ ಅದೇ. ಕನಸಿನಲ್ಲಿ ಚಿರತೆ ಬಂತೆಂದು ಹೇಳುವವರು ಮಾತ್ರ ಅಪರೂಪ. ಜಗಲಿಯ ನಾಯಿ ಅದರ ವಾಸನೆ ಬಲ್ಲದು. ನಿದ್ದೆಯಲ್ಲಿ ಕಾಲು ಆಡಿಸುತ್ತದೆ, ಸಣ್ಣಗೆ ಕುಂಯ್‌ಗುಡುತ್ತದೆ. ಅದಕ್ಕೆ ಎಷ್ಟು ಗಂಟೆಗೆ ಬಿತ್ತೆಂದು ಯಾರೂ ಕೇಳುವುದಿಲ್ಲ.